ಕೂಳೆಯಂತೆ ಮತ್ತೆ ಚಿಗುರುವ ನೋವು

(ಕಬ್ಬು ಬೆಳೆಗಾರ ಸದಸ್ಯರ ಸಭೆಯಲ್ಲಿ ಕಾಸರಗೋಡು ಜಿಲ್ಲೆಯ ಅಡೂರಿನ ವೈದ್ಯರೊಬ್ಬರು ಮಾಡಿದ ಭಾಷಣ)



ಈ ಸಭೆಗಳಲ್ಲಿ ಸಾಮಾನ್ಯವಾಗಿ ಬಿತ್ತನೆ ಕಬ್ಬಿನ ಆಯ್ಕೆ, ಗೊಬ್ಬರ, ಕಟಾವಿನ ಸರದಿ, ಇಳುವರಿ ಇವುಗಳ ಬಗ್ಗೆ ಮಾತು ನಡೆಯುತ್ತದೆ ಎಂದು ಕೇಳಿದ್ದೇನೆ. ಆ ವಿಷಯಗಳಲ್ಲಿ ನಿಮಗೆ ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ನಾನು ಬಂದಿರುವುದು ಕಬ್ಬನ್ನು ಬೆಳೆಸುವ, ಕಡಿಯುವ, ಹೊರುವ ನಿಮ್ಮ ಮೈಯ ಬಗ್ಗೆ ನಾಲ್ಕು ಮಾತು ಹೇಳುವುದಕ್ಕೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದೆ ಕಾಡುವ ಸೊಂಟ, ಬೆನ್ನು, ಮೊಣಕಾಲು, ಹೆಗಲುಗಳ ನೋವೇ ಇಂದಿನ ವಿಷಯ.

ನನ್ನ ಊರು ಅಡೂರು. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಸುಳ್ಯದ ಗಡಿಗೆ ಹತ್ತಿರ, ಪಯಸ್ವಿನಿ ಹೊಳೆಯ ಬದಿಯಲ್ಲಿದೆ. ಮಹಾಲಿಂಗೇಶ್ವರ ದೇವಸ್ಥಾನದ ಹೆಸರಿನಿಂದ ನಿಮ್ಮಲ್ಲಿ ಕೆಲವರಿಗೆ ಪರಿಚಯವಿರಬಹುದು. ನಮ್ಮದು ಗುಡ್ಡದ ನಾಡು. ಅಡಿಕೆ, ತೆಂಗು, ರಬ್ಬರು, ಗೇರು ನಮ್ಮ ಬೆಳೆಗಳು. ನನ್ನ ಬಳಿಗೆ ಬರುವವರು ಕನ್ನಡದಲ್ಲಿ ‘ನೋವು’ ಎನ್ನುತ್ತಾರೆ, ತುಳುವಿನಲ್ಲಿ ‘ಬೇನೆ’ ಎನ್ನುತ್ತಾರೆ, ಮಲಯಾಳದಲ್ಲಿ ‘ವೇದನ’ ಎನ್ನುತ್ತಾರೆ. ಮಾತು ಯಾವುದಾದರೂ ಕೈ ಹೋಗುವುದು ಸೊಂಟದ ಕಡೆಗೇ. ಅಡಿಕೆ ಮರ ಏರುವವರ ಬೆನ್ನಿಗೂ ಕಬ್ಬಿನ ಬುಡಕ್ಕೆ ಬಗ್ಗಿ ಕಡಿಯುವವರ ಬೆನ್ನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ

ಉಪದೇಶ ಮಾಡುವ ಮೊದಲು ನನ್ನ ತಪ್ಪೊಂದನ್ನು ನಿಮ್ಮ ಮುಂದಿಡಬೇಕು. ಹಲವು ವರ್ಷಗಳ ಹಿಂದೆ ನಮ್ಮೂರಿನ ಕೃಷಿಕರೊಬ್ಬರು ಸೊಂಟನೋವೆಂದು ನನ್ನಲ್ಲಿಗೆ ಬಂದರು. ಹೊರಗೆ ಇನ್ನೂ ನಲವತ್ತು ಮಂದಿ ಕಾಯುತ್ತಿದ್ದರು. ಎರಡು ನಿಮಿಷದಲ್ಲಿ ನೋವಿನ ಮಾತ್ರೆ ಬರೆದು, ಒಂದು ಇಂಜೆಕ್ಷನ್ ಕೊಟ್ಟು ಕಳುಹಿಸಿದೆ. ನೋವು ಇಳಿಯಿತು. ಹತ್ತು ದಿನಗಳಲ್ಲಿ ಮತ್ತೆ ಬಂತು, ಮತ್ತೆ ಬರೆದೆ. ಮೂರನೆಯ ಸಲದಿಂದ ಅವರು ನನ್ನಲ್ಲಿಗೆ ಬರುವುದನ್ನೇ ಬಿಟ್ಟರು. ಹಳೆಯ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಅಂಗಡಿಯಿಂದಲೇ ಅದೇ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದರು. ಕೆಲಸವಿರುವ ದಿನ ಎರಡು, ಕೊಯ್ಲಿನ ದಿನ ಮೂರು.

ಆರು ವರ್ಷ ಕಳೆದ ಮೇಲೆ ಕಾಲು ಊದಿಕೊಂಡು ಬಂದರು. ರಕ್ತ ಪರೀಕ್ಷೆ ಮಾಡಿಸಿದಾಗ ಎರಡು ಮೂತ್ರಪಿಂಡಗಳೂ ಬಹುಪಾಲು ಕೆಟ್ಟಿದ್ದವು. ಅವರಿಗೆ ಬಹುಕಾಲದಿಂದ ರಕ್ತದೊತ್ತಡವೂ ಇತ್ತು. ಅದು ಅವರಿಗೆ ಗೊತ್ತಿರಲಿಲ್ಲ, ನಾನೂ ಒಮ್ಮೆಯೂ ಅಳೆದಿರಲಿಲ್ಲ. ಈಗ ಅವರು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ಸೊಂಟನೋವು ಮಾತ್ರ ಹಾಗೆಯೇ ಇದೆ.

ರಕ್ತದೊತ್ತಡದಿಂದ ಎಷ್ಟು ಹಾಳಾಯಿತು, ಮಾತ್ರೆಯಿಂದ ಎಷ್ಟು ಹಾಳಾಯಿತು ಎಂದು ಬಿಡಿಸಿ ಹೇಳಲು ಯಾರಿಂದಲೂ ಆಗದು. ಆದರೆ ಆ ಮಾತ್ರೆಯ ಹೆಸರನ್ನು ಮೊದಲು ಬರೆದುಕೊಟ್ಟವನು ನಾನು. ಅವರನ್ನು ಕೂರಿಸಿ ಕೇಳದೆ ಕಳುಹಿಸಿದವನೂ ನಾನೇ. ಅಂದಿನಿಂದ ನನ್ನ ವೃತ್ತಿಯ ರೀತಿಯನ್ನು ಬದಲಾಯಿಸಿಕೊಂಡೆ. ಆ ಬದಲಾವಣೆಯಿಂದ ಕಲಿತದ್ದನ್ನೇ ಈಗ ಹೇಳುತ್ತೇನೆ.

ಹೊಸ ನೋವು ಬೇರೆ, ಹಳೆಯ ನೋವು ಬೇರೆ

ಮಚ್ಚು ತಾಗಿ ಕೈ ಕೊಯ್ದರೆ ನೋವಾಗುತ್ತದೆ. ಗಾಯ ಮಾಯುತ್ತಲೇ ನೋವೂ ಹೋಗುತ್ತದೆ. ಇದು ಮೈಯನ್ನು ಕಾಯುವ ನೋವು. ಮೂರು ತಿಂಗಳು ಮೀರಿ ಉಳಿದ ಅಥವಾ ಮತ್ತೆ ಮತ್ತೆ ಬರುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಿತು. ಅದರಲ್ಲಿ ಇಂಥ ನೋವಿಗೆ ತನ್ನದೇ ಆದ ವಿಭಾಗವಿದೆ. ಎಂದರೆ ಇದು ಬೇರೊಂದು ರೋಗದ ಲಕ್ಷಣ ಮಾತ್ರವಾಗಿರಬೇಕಿಲ್ಲ, ತಾನೇ ಒಂದು ರೋಗವಾಗಿರಬಹುದು.

ನಿಮಗೆ ಇದನ್ನು ಹೇಳುವುದು ಸುಲಭ. ತನಿ ಕಬ್ಬನ್ನು ಕಡಿದ ಮೇಲೂ ಬುಡ ನೆಲದಲ್ಲಿ ಉಳಿಯುತ್ತದೆ, ಕೂಳೆ ಚಿಗುರುತ್ತದೆ. ಹಳೆಯ ನೋವೂ ಹಾಗೆಯೇ. ಮೊದಲು ಆದ ಪೆಟ್ಟು ಮಾಯ್ದಿರುತ್ತದೆ. ಆದರೆ ಸುದ್ದಿ ಸಾಗಿಸುವ ನರಗಳು ಮತ್ತು ಅದನ್ನು ಗ್ರಹಿಸುವ ಮಿದುಳು ಬಹಳ ದಿನ ನೋವನ್ನೇ ಸಾಗಿಸಿ ಸೂಕ್ಷ್ಮವಾಗಿಬಿಟ್ಟಿರುತ್ತವೆ. ಚಿಕ್ಕ ಎಳೆತಕ್ಕೂ ದೊಡ್ಡ ನೋವು ಚಿಗುರುತ್ತದೆ. ಹೀಗೆಂದ ಮಾತ್ರಕ್ಕೆ ನೋವು ಸುಳ್ಳೆಂದಾಗಲಿ, ನಾಟಕವೆಂದಾಗಲಿ ಅರ್ಥವಲ್ಲ. ನೋವು ನಿಜ. ಕೂಳೆಯ ಮೇಲಿನ ಚಿಗುರನ್ನು ದಿನವೂ ಸವರಿದರೆ ಬೇರು ಸಾಯುವುದಿಲ್ಲ ಎಂಬುದು ನಿಮಗೆ ಗೊತ್ತು. ಮಾತ್ರೆ ಮಾಡುವ ಕೆಲಸವೂ ಚಿಗುರು ಸವರಿದಷ್ಟೇ.

ತಡಮಾಡಬಾರದ ಚಿಹ್ನೆಗಳು

ಹಳೆಯ ನೋವೆಂದು ಎಲ್ಲವನ್ನೂ ಸಹಿಸಿಕೊಂಡು ಕೂರಬಾರದು. ಕೆಳಗಿನ ಚಿಹ್ನೆಗಳಲ್ಲಿ ಒಂದು ಕಂಡರೂ ಕೂಡಲೇ ವೈದ್ಯರನ್ನು ಕಾಣಬೇಕು.

1. ಬೆನ್ನುನೋವಿನ ಜೊತೆಗೆ ಕಾಲಿನ ಶಕ್ತಿ ಕುಂದುವುದು, ತೊಡೆಗಳ ನಡುವೆ ಸ್ಪರ್ಶ ತಿಳಿಯದಿರುವುದು, ಮಲಮೂತ್ರದ ಹಿಡಿತ ತಪ್ಪುವುದು. ಇದಕ್ಕೆ ಮರುದಿನದವರೆಗೂ ಕಾಯಬಾರದು, ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.
2. ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ಬೆನ್ನುಮೂಳೆಗೂ ಕ್ಷಯರೋಗ ತಗಲುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದರ ಔಷಧಿ ಉಚಿತ.
3. ದನ ಕರು ಸಾಕುವವರಿಗೆ ಬಿಟ್ಟು ಬಿಟ್ಟು ಬರುವ ಜ್ವರ, ಅದರೊಡನೆ ಗಂಟು ಮತ್ತು ಬೆನ್ನಿನ ನೋವು. ಕಂದು ಹಾಕಿದ ಹಸುವನ್ನು ಬರಿಗೈಯಲ್ಲಿ ಮುಟ್ಟುವುದರಿಂದಲೂ ಹಸಿ ಹಾಲು ಕುಡಿಯುವುದರಿಂದಲೂ ಬರುವ ಬ್ರುಸೆಲ್ಲೋಸಿಸ್ ಎಂಬ ರೋಗ ಹೀಗೆ ಕಾಣಿಸಿಕೊಳ್ಳುತ್ತದೆ. ವೈದ್ಯರಿಗೆ ನಿಮ್ಮ ಹಟ್ಟಿಯ ಸಂಗತಿಯನ್ನೂ ಹೇಳಿ.
4. ಮೊದಲು ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ಮೂಳೆ ನೋವು, ಬಿದ್ದ ಮೇಲೆ ಬಂದ ಬೆನ್ನುನೋವು, ಮಲಗಿದರೂ ಬಿಡದೆ ರಾತ್ರಿಯಿಡೀ ಕಾಡುವ ನೋವು.
5. ಬೆಳಗ್ಗೆ ಎದ್ದ ಮೇಲೆ ಬಹಳ ಹೊತ್ತು ಕೈಬೆರಳ ಗಂಟುಗಳು ಬಿಗಿದು ಊದಿಕೊಳ್ಳುವುದು. ಇದು ಸಂಧಿವಾತವಾಗಿರಬಹುದು. ಬೇಗ ಚಿಕಿತ್ಸೆಗೆ ತೊಡಗಿದರೆ ಬೆರಳು ಸೊಟ್ಟಗಾಗದಂತೆ ತಡೆಯಬಹುದು.

ಇನ್ನೊಂದು ಮಾತು. ಕೊಳವೆ ಬಾವಿಯ ನೀರನ್ನೇ ಕುಡಿಯುವ ಊರಿನಲ್ಲಿ ಹಲವರಿಗೆ ಒಟ್ಟಿಗೆ ಬೆನ್ನು, ಕುತ್ತಿಗೆ ಬಿಗಿದು ಬಗ್ಗಲಾರದಂತೆ ಆದರೆ, ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದರೆ, ನೀರನ್ನು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದಾಗಲೂ 1.5 ಮಿಲಿಗ್ರಾಂ ಮೀರಬಾರದು. ನೀರಿನಿಂದ ಬಂದ ನೋವಿಗೆ ಎಷ್ಟು ಮಾತ್ರೆ ನುಂಗಿದರೂ ಫಲವಿಲ್ಲ.

ಫೋಟೋ ನೋಡಿ ಹೆದರಬೇಡಿ

ಈ ಚಿಹ್ನೆಗಳು ಇಲ್ಲದ ಬೆನ್ನುನೋವೇ ಹೆಚ್ಚು. ಅಂಥವರಿಗೆ ಎಕ್ಸ್‌ರೇ, ಎಂ.ಆರ್.ಐ. ಅವಸರದ ಅಗತ್ಯವಿಲ್ಲ. ‘ಡಿಸ್ಕ್ ಸವೆದಿದೆ’ ಎಂದು ವರದಿಯಲ್ಲಿ ಓದಿ, ಇನ್ನು ತನ್ನ ಬಾಳು ಮುಗಿಯಿತೆಂದು ಹಾಸಿಗೆ ಹಿಡಿದವರನ್ನು ನಾನು ಕಂಡಿದ್ದೇನೆ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ನೋವಿಲ್ಲದ 20 ವರ್ಷದವರಲ್ಲಿಯೇ ಶೇಕಡಾ 37ರಷ್ಟು ಮಂದಿಗೆ ಡಿಸ್ಕ್ ಸವೆದಿತ್ತು. 80 ವರ್ಷದವರಲ್ಲಿ ಶೇಕಡಾ 96. ತಲೆಗೂದಲು ನರೆಯುವಂತೆ ಡಿಸ್ಕೂ ಸವೆಯುತ್ತದೆ. ನರೆಗೂದಲಿಗೆ ಹೆದರಿ ಯಾರೂ ಕೆಲಸ ಬಿಡುವುದಿಲ್ಲ.

ನೋವಿನ ಮಾತ್ರೆಯ ಒಳಗುಟ್ಟು

ಡೈಕ್ಲೋಫಿನಾಕ್, ಐಬುಪ್ರೊಫೆನ್, ಅಸೆಕ್ಲೋಫಿನಾಕ್, ನಿಮೆಸುಲೈಡ್ ಮುಂತಾದುವು ಒಂದೇ ಕುಲದ ಔಷಧಿಗಳು. ಕಡಿಮೆ ದಿನ, ಬೇಕಾದಷ್ಟೇ ಪ್ರಮಾಣದಲ್ಲಿ, ವೈದ್ಯರ ಮಾತಿನಂತೆ ತೆಗೆದುಕೊಂಡರೆ ಉಪಕಾರಿ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ರಕ್ತದೊತ್ತಡದ ಏರಿಕೆ, ಹೃದಯಕ್ಕೆ ಅಪಾಯ, ಮೂತ್ರಪಿಂಡಕ್ಕೆ ಹಾನಿ.

ರೈತರಾದ ನಿಮಗೆ ರಣಹದ್ದಿನ ಕಥೆ ತಿಳಿದಿರಬೇಕು. ಒಂದು ಕಾಲದಲ್ಲಿ ಸತ್ತ ದನವನ್ನು ಒಂದೇ ದಿನದಲ್ಲಿ ಮುಗಿಸುತ್ತಿದ್ದ ಹದ್ದುಗಳು ದೇಶದಲ್ಲೆಲ್ಲ ಮಾಯವಾದುವು. ಡೈಕ್ಲೋಫಿನಾಕ್ ಕೊಟ್ಟ ದನದ ಮಾಂಸ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿವೆ ಎಂದು 2004ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಈ ಔಷಧಿಯನ್ನು ನಿಷೇಧಿಸಿತು. ಮನುಷ್ಯನ ಮೂತ್ರಪಿಂಡ ಹದ್ದಿನದರಷ್ಟು ನಾಜೂಕಲ್ಲ ನಿಜ. ಆದರೆ ಔಷಧಿ ಅದೇ, ಅಂಗವೂ ಅದೇ.

ಕಬ್ಬಿನವರಿಗೆ ಇನ್ನೂ ಹತ್ತಿರದ ಸಂಗತಿ ಒಂದಿದೆ. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್, ನಿಕರಾಗುವಾ ದೇಶಗಳಲ್ಲಿ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ ಹರೆಯದ ಕಬ್ಬು ಕಡಿಯುವವರು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದರು. ಎಲ್ ಸಾಲ್ವಡೋರಿನ ವೈದ್ಯರು 2002ರಲ್ಲಿ ಇದನ್ನು ಲೋಕದ ಗಮನಕ್ಕೆ ತಂದರು. ಕೆಂಡದಂಥ ಬಿಸಿಲಿನಲ್ಲಿ ಬಿಡುವಿಲ್ಲದ ಶ್ರಮ, ಸಾಕಷ್ಟು ನೀರಿಲ್ಲದಿರುವುದು ಮುಖ್ಯ ಕಾರಣವೆಂದು ಹಲವು ತಜ್ಞರು ನಂಬುತ್ತಾರೆ. ಅದರ ಮೇಲೆ ಮೈನೋವಿಗೆ ನುಂಗುವ ಮಾತ್ರೆ ಹಾನಿಯನ್ನು ಹೆಚ್ಚಿಸುತ್ತದೆ. ಅಲ್ಲಿ ಈಗ ‘ನೀರು, ವಿಶ್ರಾಂತಿ, ನೆರಳು’ ಎಂಬ ಮೂರು ಮಾತಿನ ಕಾರ್ಯಕ್ರಮ ನಡೆಯುತ್ತಿದೆ. ನಮ್ಮ ಕಟಾವಿನ ಗ್ಯಾಂಗುಗಳಿಗೂ ಅದು ಬೇಕು.

ಆದ್ದರಿಂದ ಇಷ್ಟನ್ನು ನೆನಪಿಡಿ. ಬಿಸಿಲಿನಲ್ಲಿ ಬೆವರಿ ಬಾಯಾರಿದ ಮೈಗೆ ಈ ಮಾತ್ರೆ ಹಾಕಬೇಡಿ. ರಕ್ತದೊತ್ತಡದ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬೇಡಿ. ಎರಡು ಬೇರೆ ಹೆಸರಿನ ಮಾತ್ರೆಗಳಲ್ಲಿ ಒಂದೇ ಕುಲದ ಔಷಧಿ ಇರಬಹುದು. ಎರಡನ್ನೂ ಒಟ್ಟಿಗೆ ನುಂಗಬೇಡಿ. ಮೊಣಕಾಲಿನ ಸವೆತಕ್ಕೆ ಇದೇ ಔಷಧಿಯ ಮುಲಾಮು ಸಿಗುತ್ತದೆ. ಮೇಲೆ ಹಚ್ಚಿದರೆ ಒಳಗೆ ಹೋಗುವ ಪ್ರಮಾಣ ಬಹಳ ಕಡಿಮೆ.

ಪ್ಯಾರಾಸಿಟಮಾಲ್ ಇವುಗಳಿಗಿಂತ ಸೌಮ್ಯ. ಆರೋಗ್ಯವಂತ ವಯಸ್ಕರು 500 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಎಂಟಕ್ಕಿಂತ ಹೆಚ್ಚು ಎಂದಿಗೂ ತೆಗೆದುಕೊಳ್ಳಬಾರದು. ಹೆಂಡ ಕುಡಿಯುವವರಿಗೆ, ಯಕೃತ್ತು ಕೆಟ್ಟವರಿಗೆ ಈ ಮಿತಿ ಇನ್ನೂ ಕಡಿಮೆ. ಹಳೆಯ ಬೆನ್ನುನೋವಿಗೆ ಅದರಿಂದಲೂ ಹೆಚ್ಚೇನೂ ಪ್ರಯೋಜನ ಕಂಡುಬಂದಿಲ್ಲ.

ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಸಿಗುವ ಹೆಸರಿಲ್ಲದ ಪುಡಿ, ಗುಳಿಗೆಗಳ ಬಗ್ಗೆ ವಿಶೇಷ ಎಚ್ಚರಿಕೆ. ನುಂಗಿದ ಎರಡೇ ದಿನಕ್ಕೆ ಹತ್ತು ವರ್ಷದ ನೋವು ಹೋಯಿತೆಂದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಂಭವ ಹೆಚ್ಚು. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಬಹಳ ದಿನ ತೆಗೆದುಕೊಂಡವರು ಹಠಾತ್ತನೆ ನಿಲ್ಲಿಸುವುದೂ ಅಪಾಯ. ಪುಡಿಯ ಪೊಟ್ಟಣದೊಡನೆ ವೈದ್ಯರಲ್ಲಿಗೆ ಹೋಗಿ.

ಉರಿಯುವ ನೋವಿನ ಮಾತು ಬೇರೆ. ಸಕ್ಕರೆ ಕಾಯಿಲೆಯವರ ಪಾದದ ಉರಿ, ಸರ್ಪಸುತ್ತು ಮಾಯ್ದ ಮೇಲೆ ಉಳಿಯುವ ಚುಚ್ಚುನೋವು ನರದಿಂದಲೇ ಹುಟ್ಟುವಂಥವು. ಇವಕ್ಕೆ ಡೈಕ್ಲೋಫಿನಾಕ್‌ನಿಂದ ಉಪಯೋಗವಿಲ್ಲ. ಅಮಿಟ್ರಿಪ್ಟಿಲಿನ್‌ನಂಥ ಬೇರೆ ಔಷಧಿಗಳಿವೆ. ಅದು ಮನಸ್ಸಿನ ಕಾಯಿಲೆಗೂ ಕೊಡುವ ಮಾತ್ರೆಯೆಂದು ಅಂಗಡಿಯವರು ಹೇಳಿದರೆ ಗಾಬರಿಯಾಗಬೇಡಿ. ನರದ ನೋವಿಗೆ ಕಡಿಮೆ ಪ್ರಮಾಣದಲ್ಲಿ ಅದನ್ನೇ ಕೊಡುತ್ತೇವೆ.

ಹಾಗಾದರೆ ಮದ್ದು ಯಾವುದು?

2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟನೋವಿನ ಚಿಕಿತ್ಸೆಗೆ ಮಾರ್ಗದರ್ಶನ ಹೊರಡಿಸಿತು. 2020ರಲ್ಲಿ ಲೋಕದಲ್ಲಿ 61.9 ಕೋಟಿ ಜನರಿಗೆ ಸೊಂಟನೋವಿತ್ತು ಎಂದು ಅದು ಹೇಳುತ್ತದೆ. ಅದು ಒಪ್ಪಿದ ಉಪಾಯಗಳಲ್ಲಿ ಮುಖ್ಯವಾದುವು ಕ್ರಮವಾದ ವ್ಯಾಯಾಮ, ನೋವಿನ ಬಗ್ಗೆ ಸರಿಯಾದ ತಿಳಿವಳಿಕೆ, ಮನಸ್ಸಿಗೆ ನೆರವು. ಸೊಂಟಕ್ಕೆ ಕಟ್ಟುವ ಬೆಲ್ಟು, ತೂಕ ಕಟ್ಟಿ ಎಳೆಯುವ ಟ್ರಾಕ್ಷನ್, ಅಫೀಮು ವರ್ಗದ ಮಾತ್ರೆ ಇವನ್ನು ಸಾಮಾನ್ಯವಾಗಿ ಬಳಸಬಾರದೆಂದು ಹೇಳಿದೆ.

‘ದಿನವಿಡೀ ಗದ್ದೆಯಲ್ಲಿ ದುಡಿಯುವವನಿಗೆ ವ್ಯಾಯಾಮ ಯಾಕೆ ಸ್ವಾಮೀ?’ ಎಂದು ನೀವು ಕೇಳಬಹುದು. ನಮ್ಮೂರಿನವರೂ ಕೇಳುತ್ತಾರೆ. ದುಡಿಮೆ ಒಂದೇ ಸ್ನಾಯುವನ್ನು ಒಂದೇ ರೀತಿಯಲ್ಲಿ ದಣಿಸುತ್ತದೆ. ಬಗ್ಗಿ ಕಡಿಯುವವನ ಬೆನ್ನು ದಿನವೆಲ್ಲ ಬಗ್ಗಿಯೇ ಇರುತ್ತದೆ, ಹೊಟ್ಟೆಯ ಮತ್ತು ಪೃಷ್ಠದ ಸ್ನಾಯುಗಳು ಸೋತಿರುತ್ತವೆ. ವ್ಯಾಯಾಮ ಅವುಗಳನ್ನು ಬಲಪಡಿಸಲು. ಗೋಡೆಗೆ ಬೆನ್ನು ಕೊಟ್ಟು ನಿಧಾನವಾಗಿ ಅರ್ಧ ಕುಳಿತು ಏಳುವುದು, ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಮೇಲೆತ್ತುವುದು, ಬೆಳಗ್ಗೆ ಚಪ್ಪಟೆ ನೆಲದಲ್ಲಿ ಅರ್ಧ ಗಂಟೆ ನಡೆಯುವುದು, ಇಷ್ಟರಿಂದ ತೊಡಗಿ. ಮೊದಲ ಎರಡು ವಾರ ಸ್ವಲ್ಪ ನೋವು ಹೆಚ್ಚಬಹುದು. ಅದು ಹಾನಿಯ ಗುರುತಲ್ಲ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಕಬ್ಬು ಒಂದು ವರ್ಷ ಕಾಯಿಸಿದರೂ ಕಾಯುವ ನಿಮಗೆ ಇದು ದೊಡ್ಡದಲ್ಲ.

ಎರಡನೆಯದು ಕೆಲಸದ ಲೆಕ್ಕ. ನೋವು ಕಡಿಮೆ ಇರುವ ದಿನ ಎರಡು ದಿನದ ಕೆಲಸ ಮುಗಿಸಿ, ಮರುದಿನದಿಂದ ಮೂರು ದಿನ ಮಲಗುವುದು ನಮ್ಮವರ ರೂಢಿ. ಇದರಿಂದ ನೋವು ಬೆಳೆಯುತ್ತದೆ. ಒಳ್ಳೆಯ ದಿನವೂ ಕೆಟ್ಟ ದಿನವೂ ಒಂದೇ ಅಳತೆಯ ಕೆಲಸ ಮಾಡಿ. ಅರ್ಧ ಗಂಟೆ ಕಡಿದರೆ ಐದು ನಿಮಿಷ ಎದ್ದು ನಿಂತು ಬೆನ್ನು ಹಿಂದಕ್ಕೆ ಬಾಗಿಸಿ. ಹೊರೆಯನ್ನು ಮೈಗೆ ತಾಗಿಸಿ, ಮೊಣಕಾಲು ಮಡಚಿ ಎತ್ತಿ. ಹಿಂದೆ 100 ಕಿಲೋ ಇದ್ದ ಸಕ್ಕರೆ ಮೂಟೆ ಈಗ 50 ಕಿಲೋಗೆ ಇಳಿದಿದೆ. ಅದನ್ನು ಹೊರುವವರ ಬೆನ್ನಿಗೆ ಯಾವ ಔಷಧಿಯೂ ಮಾಡದ ಉಪಕಾರ ಅದರಿಂದಾಗಿದೆ. ಜಲ್ಲೆಯ ಹೊರೆಯನ್ನೂ ಹಾಗೆಯೇ ಚಿಕ್ಕದಾಗಿ ಕಟ್ಟಬಹುದು.

ಮೂರನೆಯದು ಮೈತೂಕ. ಮೈಯಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ನಾಲ್ಕನೆಯದು ನಿದ್ದೆ ಮತ್ತು ಮನಸ್ಸು. ಸಾಲದ ಚಿಂತೆಯಲ್ಲಿ, ಬಿಲ್ಲಿನ ಹಣ ಕೈಸೇರದ ತಳಮಳದಲ್ಲಿ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟ ಮರುದಿನ ಅದೇ ನೋವು ಹೆಚ್ಚಾಗಿ ತೋರುತ್ತದೆ. ನೋವು ಮರೆಯಲೆಂದು ಕುಡಿದರೆ ನಿದ್ದೆ ಇನ್ನೂ ಕೆಡುತ್ತದೆ. ಮನಸ್ಸು ಸೋತಿದೆಯೆಂದು ವೈದ್ಯರೆದುರು ಹೇಳಲು ಸಂಕೋಚ ಬೇಡ. ಸರ್ಕಾರದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಎಣ್ಣೆ ಹಚ್ಚಿ ಬಿಸಿನೀರಿನ ಸ್ನಾನ ಮಾಡುವ ನಮ್ಮ ಹಿರಿಯರ ಪದ್ಧತಿಗೆ ನನ್ನ ಆಕ್ಷೇಪವಿಲ್ಲ. ಮೈ ಸಡಿಲವಾಗುತ್ತದೆ, ನಿದ್ದೆ ಬರುತ್ತದೆ. ಅದರ ಜೊತೆಗೆ ಮೇಲಿನವೂ ನಡೆಯಲಿ.

ಸೋದರಿಯರಿಗೆ ಒಂದು ಮಾತು

ಮನೆಯ ಗಂಡಸಿನ ನೋವಿಗೆ ಎಣ್ಣೆ ಕಾಯಿಸುವ ಹೆಂಗಸು ತನ್ನ ನೋವನ್ನು ಯಾರಿಗೂ ಹೇಳುವುದಿಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಬಹಳ ಮಂದಿ ಚಿಕ್ಕ ವಯಸ್ಸಿನಲ್ಲಿಯೇ ಗರ್ಭಕೋಶ ತೆಗೆಸಿಕೊಂಡಿರುವ ಸಂಗತಿ 2019ರಲ್ಲಿ ಬೆಳಕಿಗೆ ಬಂದು, ಅಲ್ಲಿನ ಸರ್ಕಾರ ತನಿಖಾ ಸಮಿತಿ ನೇಮಿಸಿತು. ಸೊಂಟನೋವಿಗೂ ಬಿಳಿ ಸೆರಗಿಗೂ ಗರ್ಭಕೋಶ ತೆಗೆಯುವುದು ಪರಿಹಾರವಲ್ಲ. ಯಾರಾದರೂ ಹಾಗೆಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿದ ನಂತರವೇ ಒಪ್ಪಿಕೊಳ್ಳಿ.

ಗುಣವಾಗದ ರೋಗದ ನೋವು

ಕ್ಯಾನ್ಸರ್ ನೋವಿನ ಮಾತು ಬೇರೆಯೇ. ಅಲ್ಲಿ ಸಹಿಸಿಕೊಳ್ಳಿ ಎನ್ನುವುದು ಕ್ರೌರ್ಯ. 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ನೋವು ಶಮನದ ಚಿಕಿತ್ಸಾಲಯವನ್ನು ತೆರೆದರು. ಊರಿನ ಸ್ವಯಂಸೇವಕರು ಕೈಜೋಡಿಸಿದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ಒಂದು ನೀತಿಯನ್ನೇ ರೂಪಿಸಿತು. ಅದರ ಫಲವಾಗಿ ನಮ್ಮ ರಾಜ್ಯದ ಪಂಚಾಯತುಗಳಲ್ಲಿ ಹಾಸಿಗೆ ಹಿಡಿದವರ ಮನೆಗೆ ದಾದಿಯೇ ಹೋಗುವ ಏರ್ಪಾಡು ಬೆಳೆಯಿತು. ಬೆಂಗಳೂರಿನಲ್ಲಿ ಕರುಣಾಶ್ರಯ ಇಂಥದೇ ಸೇವೆ ಸಲ್ಲಿಸುತ್ತಿದೆ. 1985ರ ಮಾದಕ ವಸ್ತು ಕಾನೂನಿನಿಂದ ಮಾರ್ಫಿನ್ ಸಿಗುವುದು ಬಹಳ ಕಷ್ಟವಾಗಿತ್ತು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು. ಸರಿಯಾಗಿ ಕೊಟ್ಟ ಮಾರ್ಫಿನ್ ಕ್ಯಾನ್ಸರ್ ರೋಗಿಯ ಕೊನೆಯ ದಿನಗಳನ್ನು ನೆಮ್ಮದಿಯದಾಗಿ ಮಾಡುತ್ತದೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಧೈರ್ಯವಾಗಿ ಕೇಳಿ ಪಡೆಯಿರಿ.

ವೈದ್ಯರಲ್ಲಿಗೆ ಹೋಗುವಾಗ

ಐದು ಸಂಗತಿಗಳನ್ನು ಸಿದ್ಧಮಾಡಿಕೊಂಡು ಹೋಗಿ. ನೋವು ಎಲ್ಲಿ, ಎಂದಿನಿಂದ? ಯಾವುದರಿಂದ ಹೆಚ್ಚುತ್ತದೆ? ಅದರಿಂದ ನಿಮ್ಮ ಯಾವ ಕೆಲಸ ನಿಂತಿದೆ? ಈವರೆಗೆ ಯಾವ ಯಾವ ಔಷಧಿ ನುಂಗಿದ್ದೀರಿ? ಖಾಲಿ ಪಟ್ಟಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಐದನೆಯದಾಗಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದರೆ ಕೇಳುವ ಮೊದಲೇ ಹೇಳಿ. ನಾನು ಈಗ ರೋಗಿಯನ್ನು ಮೊದಲು ಕೇಳುವುದು, ‘ನೋವು ಕಡಿಮೆಯಾದರೆ ಏನು ಮಾಡಬೇಕೆಂದಿದ್ದೀರಿ?’ ಎಂದು. ಒಬ್ಬರು ತೋಟದ ಕೊನೆಯವರೆಗೆ ನಡೆಯಬೇಕೆಂದರು. ಒಬ್ಬ ಅಜ್ಜಿ ಮೊಮ್ಮಗುವನ್ನು ಎತ್ತಿಕೊಳ್ಳಬೇಕೆಂದರು. ಆ ಗುರಿಯ ಕಡೆಗೆ ನಾವು ಇಬ್ಬರೂ ಸೇರಿ ಕೆಲಸ ಮಾಡುತ್ತೇವೆ. ನೋವು ಪೂರ್ತಿ ಹೋಗದೆಯೂ ಅಜ್ಜಿ ಮಗುವನ್ನು ಎತ್ತಿಕೊಂಡರು.

ನಿಮ್ಮದು ಸಹಕಾರಿ ಸಂಸ್ಥೆ. ಒಬ್ಬನಿಂದ ಆಗದ್ದನ್ನು ಹತ್ತು ಮಂದಿ ಸೇರಿ ಮಾಡುವುದೇ ಸಹಕಾರ. ಆಡಳಿತ ಮಂಡಳಿಯವರಲ್ಲಿ ಮೂರು ಬಿನ್ನಹಗಳಿವೆ. ನುರಿಸುವ ಹಂಗಾಮಿನಲ್ಲಿ ಪ್ರತಿ ಕಟಾವಿನ ಗದ್ದೆಯ ಬದಿಗೆ ಕುಡಿಯುವ ನೀರು ಮತ್ತು ನೆರಳಿನ ಏರ್ಪಾಡು ಇರಲಿ. ಗಾಡಿ, ಟ್ರಾಕ್ಟರುಗಳು ತೂಕಕ್ಕೆ ಕಾಯುವ ಜಾಗದಲ್ಲಿ ರಕ್ತದೊತ್ತಡ ಅಳೆಯುವ ವ್ಯವಸ್ಥೆಯಾಗಲಿ. ವರ್ಷಕ್ಕೊಮ್ಮೆ ಸದಸ್ಯರಿಗೂ ಕಡಿಯುವವರಿಗೂ ಮೂತ್ರಪಿಂಡದ ರಕ್ತ ಪರೀಕ್ಷೆ ನಡೆಯಲಿ.

ನಾನು ಇಲ್ಲಿಗೆ ಹೊರಡುವ ಮುನ್ನ ಮೊದಲು ಹೇಳಿದ ಆ ಕೃಷಿಕರನ್ನು ಕಂಡೆ. ನಿಮ್ಮ ಕಥೆಯನ್ನು ಹೇಳಲೇ ಎಂದು ಕೇಳಿದೆ. “ಹೇಳಿ ಡಾಕ್ಟ್ರೇ. ಹೆಸರು ಬೇಡ. ಅಂಗಡಿಗೆ ಹೋಗುವ ಮೊದಲು ಒಂದು ಸಲ ರಕ್ತ ನೋಡಿಸಿ ಅಂತ ಹೇಳಿ, ಸಾಕು” ಎಂದರು. ಅವರ ಮಾತನ್ನು ನಿಮಗೆ ತಲುಪಿಸಿದ್ದೇನೆ. ಮನೆಗೆ ಹೋಗಿ ಗೂಡಿನಲ್ಲಿರುವ ಮಾತ್ರೆಯ ಪಟ್ಟಿಗಳನ್ನು ಒಮ್ಮೆ ಎಣಿಸಿ ನೋಡಿ. ಮುಂದಿನ ವಾರ ಅವನ್ನು ತೆಗೆದುಕೊಂಡು ನಿಮ್ಮ ಊರಿನ ವೈದ್ಯರಲ್ಲಿಗೆ ಹೋಗಿ.